ಕಾಡಣಬೆಯ ಅರಿವು ಮತ್ತು ಮನೆಯಂಗಳದ ಕೈಗೆಲಸ

ಮೃಗಶಿರೆ ಕಳೆದು ಆರಿದ್ರೆಯ ಮಳೆ ಹಿಡಿಯಿತೆಂದರೆ ಮಲೆನಾಡಿನ ಹಿತ್ತಿಲು, ಬೇಣ, ಹುತ್ತದ ಬುಡ, ಕೊಟ್ಟಿಗೆಯ ಹಿಂಬದಿ ಮುಂತಾದೆಡೆಗಳಲ್ಲಿ ಅಣಬೆಗಳು ತಲೆಯೆತ್ತುತ್ತವೆ. ನಿನ್ನೆ ಸಂಜೆ ಬರಿದಾಗಿದ್ದ ನೆಲದಲ್ಲಿ ಇಂದು ಬೆಳಗ್ಗೆ ನೂರಾರು ಬಿಳಿಯ ಕೊಡೆಗಳು ನಿಂತಿರುತ್ತವೆ. ಗುಡುಗಿದರೆ ಅಣಬೆ ಏಳುತ್ತದೆಂಬುದು ಹಳ್ಳಿಗರ ನಂಬುಗೆ. ಗುಡುಗಿನ ಬೆನ್ನಿಗೆ ಬರುವ ಮಳೆಯು ನೆಲವನ್ನು ನೆನೆಸಿ ಮೆದುಗೊಳಿಸುವುದರಿಂದ ಈ ನಂಬುಗೆಯ ಹಿಂದೆ ಒಂದು ನಿಜವಾದ ಅವಲೋಕನವೂ ಇದೆ. ಆದರೆ ಅದೇ ಹಳ್ಳಿಯಲ್ಲಿ ಅದೇ ಮಳೆಗಾಲದಲ್ಲಿ ಹೊಟ್ಟೆಗೆ ಹಿತವಾದ ಅಣಬೆಯೂ ಪ್ರಾಣವನ್ನೇ ಕಳೆಯುವ ಅಣಬೆಯೂ ಒಂದೇ ಬೇಲಿಯ ಮಗ್ಗುಲಲ್ಲಿ ಹುಟ್ಟುತ್ತವೆ. ಇವೆರಡರ ಅಂತರವನ್ನು ತಿಳಿಯುವ ಬಗೆ ಯಾವುದು, ಆ ತಿಳಿವಳಿಕೆಯನ್ನು ಮಕ್ಕಳಿಗೆ ದಾಟಿಸುವ ಬಗೆ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಅಣಬೆಯನ್ನು ಅಡುಗೆಮನೆಗೆ ತಾರದ ಮನೆತನಗಳು ನಮ್ಮಲ್ಲಿ ಅನೇಕ. ಮಳೆಗಾಲದಲ್ಲಿ ಅದಕ್ಕಾಗಿಯೇ ಕಾದು ಕುಳಿತಿರುವ ಮನೆಗಳೂ ಅನೇಕ. ಉಣ್ಣುವುದು ಬಿಡುವುದು ಅವರವರ ರೂಢಿಗೆ ಸೇರಿದ ಮಾತು. ಅರಿವು ಮಾತ್ರ ಇಬ್ಬರಿಗೂ ಬೇಕು. ಏಕೆಂದರೆ ಹಿತ್ತಿಲಿನಲ್ಲಿ ಆಡುವ ಮಗುವಿನ ಕೈಗೆ ಅಣಬೆ ಸಿಕ್ಕಿದಾಗ ಆ ಮಗು ಮನೆಯ ರೂಢಿಯನ್ನು ಕೇಳಿಕೊಂಡು ಬಾಯಿಗಿಡುವುದಿಲ್ಲ.

ಹಿಂದೆ ಈ ಅರಿವು ಅಜ್ಜಿಯಿಂದ ಮೊಮ್ಮಗಳಿಗೆ, ದನ ಕಾಯುವ ಹಿರಿಯನಿಂದ ಕಿರಿಯನಿಗೆ, ಒಟ್ಟಿಗೆ ನಡೆಯುತ್ತಲೇ ಸಾಗಿ ಬರುತ್ತಿತ್ತು. ಅಜ್ಜಿ ಯಾವ ಗ್ರಂಥವನ್ನೂ ಓದಿದವಳಲ್ಲ. ಆದರೆ ಯಾವ ಹುತ್ತದಲ್ಲಿ, ಯಾವ ಮಳೆಗೆ, ಯಾವ ಅಣಬೆ ಏಳುತ್ತದೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಇಂದು ಮಕ್ಕಳು ಶಾಲೆ, ವಿದ್ಯಾರ್ಥಿನಿಲಯಗಳಲ್ಲಿರುತ್ತಾರೆ. ಮಳೆಗಾಲದ ಬೆಳಗುಗಳು ಪಾಠದ ಕೋಣೆಯಲ್ಲಿ ಕಳೆಯುತ್ತವೆ. ಅಣಬೆಯ ರುಚಿಯ ನೆನಪು ಉಳಿದು ಗುರುತಿನ ನೆನಪು ಅಳಿದರೆ ಅದಕ್ಕಿಂತ ಅಪಾಯಕರವಾದ ಸ್ಥಿತಿ ಬೇರೊಂದಿಲ್ಲ.

ಅಣಬೆ ಎಂದರೇನು?

ಅಣಬೆಯನ್ನು ಬಹುಕಾಲ ಸಸ್ಯವೆಂದೇ ಎಣಿಸಲಾಗಿತ್ತು. ಅದಕ್ಕೆ ಎಲೆಯಿಲ್ಲ, ಪತ್ರಹರಿತ್ತಿಲ್ಲ. ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಅದರ ಜೀವಕೋಶದ ಗೋಡೆಯಲ್ಲಿ ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ವಸ್ತುವಿದೆ. ಅಮೆರಿಕದ ವಿಜ್ಞಾನಿ ವಿಟೇಕರ್ 1969ರಲ್ಲಿ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟನು.

ನಮ್ಮ ಕಣ್ಣಿಗೆ ಬೀಳುವ ಕೊಡೆಯು ಶಿಲೀಂಧ್ರದ ಫಲ ಮಾತ್ರ. ಮಾವಿನ ಮರವನ್ನು ಕಾಣದೆ ಮಾವಿನ ಹಣ್ಣನ್ನು ಮಾತ್ರ ಕಂಡಂತೆ ನಾವು ಅಣಬೆಯನ್ನು ಕಾಣುತ್ತೇವೆ. ನಿಜವಾದ ಜೀವಿಯು ಬಿಳಿಯ ನೂಲಿನಂತಹ ತಂತುಜಾಲವಾಗಿ ಮಣ್ಣಿನಲ್ಲಿ, ಕೊಳೆತ ಮರದಲ್ಲಿ, ಗೊಬ್ಬರದಲ್ಲಿ ಹರಡಿಕೊಂಡು ವರ್ಷವಿಡೀ ಕೆಲಸ ಮಾಡುತ್ತಿರುತ್ತದೆ. ತೇವ ಮತ್ತು ತಂಪು ಒದಗಿದಾಗ ಅದು ಫಲವನ್ನು ಮೇಲಕ್ಕೆ ಕಳುಹಿಸುತ್ತದೆ. ಕೊಡೆಯ ಅಡಿಯಲ್ಲಿ ಮೀನಿನ ಕಿವಿರಿನಂತೆ ಜೋಡಿಸಿರುವ ತೆಳುವಾದ ಹಾಳೆಗಳಿಂದ ಲೆಕ್ಕವಿಲ್ಲದಷ್ಟು ಬೀಜಾಣುಗಳು ಉದುರಿ ಗಾಳಿಯಲ್ಲಿ ತೇಲಿಹೋಗುತ್ತವೆ. ಒಣಗಿದೆಲೆ, ಬಿದ್ದ ಮರ, ಸಗಣಿ ಇವೆಲ್ಲವನ್ನೂ ಮತ್ತೆ ಮಣ್ಣಾಗಿಸುವ ಕಾರ್ಯದಲ್ಲಿ ಶಿಲೀಂಧ್ರಗಳ ಪಾಲು ಬಹು ದೊಡ್ಡದು.

ಹುತ್ತದ ಅಣಬೆಯೆಂಬ ವಿಸ್ಮಯ

ನಮ್ಮ ನಾಡಿನಲ್ಲಿ ಬಹುಜನ ಪ್ರೀತಿಯಿಂದ ತಿನ್ನುವ ಕಾಡಣಬೆಗಳಲ್ಲಿ ಹುತ್ತದ ಅಣಬೆಗೆ ಅಗ್ರಸ್ಥಾನ. ಕೊಡಗಿನವರು ಅಣಬೆಯನ್ನು ಕುಮ್ಮು ಎಂದೂ ತುಳುವರು ಲಾಂಬು ಎಂದೂ ಕರೆಯುತ್ತಾರೆ. ಹುತ್ತದ ಅಣಬೆಯ ಕುಲಕ್ಕೆ 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಎಂಬ ವಿಜ್ಞಾನಿಯು ಟರ್ಮಿಟೊಮೈಸೀಸ್ ಎಂಬ ಹೆಸರನ್ನಿಟ್ಟನು. ಗೆದ್ದಲಿನ ಶಿಲೀಂಧ್ರ ಎಂಬುದೇ ಅದರ ಅರ್ಥ.

ಗೆದ್ದಲು ಹುಳುಗಳು ಒಣಮರ, ಹುಲ್ಲು, ತರಗೆಲೆಗಳನ್ನು ಅಗಿದು ನುಂಗಿ, ಹುತ್ತದೊಳಗಿನ ಕೋಣೆಗಳಲ್ಲಿ ಅರೆಜೀರ್ಣವಾದ ಮಲವನ್ನು ಜೇನುಗೂಡಿನಂತೆ ಕಟ್ಟುತ್ತವೆ. ಆ ಗೂಡಿನ ಮೇಲೆ ಈ ಶಿಲೀಂಧ್ರವು ಬೆಳೆಯುತ್ತದೆ. ಗೆದ್ದಲಿಗೆ ತಾನಾಗಿ ಅರಗಿಸಿಕೊಳ್ಳಲಾಗದ ಮರದ ನಾರನ್ನು ಶಿಲೀಂಧ್ರವು ಮೃದುಮಾಡಿಕೊಡುತ್ತದೆ. ಶಿಲೀಂಧ್ರಕ್ಕೆ ಬೇಕಾದ ಆಹಾರವನ್ನು, ತೇವವನ್ನು, ಹದವಾದ ಬಿಸುಪನ್ನು ಗೆದ್ದಲು ಒದಗಿಸುತ್ತದೆ. ಈ ಒಕ್ಕಲುತನವು ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಮನುಷ್ಯನು ನೇಗಿಲು ಹಿಡಿದು ಹತ್ತು ಹನ್ನೆರಡು ಸಾವಿರ ವರ್ಷಗಳೂ ತುಂಬಿಲ್ಲವೆಂಬುದನ್ನು ನೆನೆದರೆ ಹುತ್ತದ ಮುಂದೆ ನಮ್ಮ ಬೇಸಾಯದ ವಯಸ್ಸು ಎಷ್ಟೆಂಬುದು ತಿಳಿಯುತ್ತದೆ.

ಹುತ್ತದ ಅಣಬೆಯನ್ನು ಕಿತ್ತು ನೋಡಿದರೆ ಅದರ ಕಾಂಡವು ಬೇರಿನಂತೆ ನೆಲದಾಳಕ್ಕೆ ಇಳಿದು ಗೆದ್ದಲಿನ ಆ ಗೂಡನ್ನೇ ಮುಟ್ಟಿರುವುದು ಕಾಣುತ್ತದೆ. ಈ ಕುಲದಲ್ಲಿಯೇ ಅಕ್ಕಿಕಾಳು ಚೆಲ್ಲಿದಂತೆ ಸಾವಿರಗಟ್ಟಲೆ ಏಳುವ ಅತಿ ಚಿಕ್ಕ ಜಾತಿಯೂ ಇದೆ. ಆಫ್ರಿಕ ಖಂಡದಲ್ಲಿ ಒಂದು ಮೀಟರಿನಷ್ಟು ಅಗಲದ ಕೊಡೆಯನ್ನು ಬಿಚ್ಚುವ ಜಾತಿಯೂ ಇದೆ. ಇವನ್ನು ಗೆದ್ದಲಿನ ನೆರವಿಲ್ಲದೆ ಹೊಲದಲ್ಲಿಯಾಗಲಿ ಕೋಣೆಯಲ್ಲಿಯಾಗಲಿ ಲಾಭದಾಯಕವಾಗಿ ಬೆಳೆಯುವ ವಿಧಾನವು ಇಂದಿಗೂ ರೂಢಿಗೆ ಬಂದಿಲ್ಲ. ಆದುದರಿಂದ ಹುತ್ತವನ್ನು ಯಂತ್ರದಿಂದ ನೆಲಸಮ ಮಾಡಿದರೆ, ಇಲ್ಲವೆ ಅದರ ಬಾಯಿಗೆ ಕೀಟನಾಶಕವನ್ನು ಸುರಿದರೆ, ವರ್ಷವರ್ಷವೂ ಅದೇ ಮಳೆಗೆ ಅದೇ ಜಾಗದಲ್ಲಿ ಏಳುತ್ತಿದ್ದ ಅಣಬೆಯ ಕಥೆ ಅಲ್ಲಿಗೆ ಮುಗಿಯುತ್ತದೆ.

ಕರಾವಳಿಯಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಮಣ್ಣಿನಿಂದ ಹೊರಬರುವ, ಗೋಲಿಯಂತೆ ದುಂಡಗಿರುವ ಕಲ್ಲಣಬೆ ಅಥವಾ ಕಲ್ಲಲಾಂಬು ಮತ್ತೊಂದು ಬಗೆಯದು. ಆಸ್ಟ್ರಿಯಸ್ ಕುಲಕ್ಕೆ ಸೇರಿದ ಇದು ಕಾಡುಮರಗಳ ಬೇರಿನೊಡನೆ ಕೊಡುಕೊಳ್ಳುವ ನಂಟಿನಲ್ಲಿ ಬಾಳುತ್ತದೆ. ಆ ಮರಗಳು ಹೋದರೆ ಅದೂ ಹೋಗುತ್ತದೆ. ಎಳೆಯದಾಗಿರುವಾಗ ಒಳಗೆ ಅಚ್ಚ ಬಿಳುಪಾಗಿರುವ ಇದು ಬಲಿತಂತೆ ಕಪ್ಪಾಗುತ್ತದೆ. ಬಲ್ಲವರು ಕಪ್ಪಾದುದನ್ನು ತಿನ್ನುವುದಿಲ್ಲ.

ಜನಜನಿತ ಪರೀಕ್ಷೆಗಳು ಮತ್ತು ಅವುಗಳ ದೋಷ

ಅಣಬೆಯ ವಿಷವನ್ನು ಪತ್ತೆಹಚ್ಚಲು ಕೆಲವು ಸುಲಭೋಪಾಯಗಳು ಲೋಕದಲ್ಲಿ ಪ್ರಚಾರದಲ್ಲಿವೆ. ಅವನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ಒಂದು: ಬೇಯಿಸುವಾಗ ಬೆಳ್ಳಿಯ ನಾಣ್ಯವನ್ನೋ ಚಮಚವನ್ನೋ ಹಾಕಿದರೆ, ವಿಷವಿದ್ದಲ್ಲಿ ಅದು ಕಪ್ಪಾಗುತ್ತದೆಂಬ ಮಾತು. ಬೆಳ್ಳಿಯು ಕಪ್ಪಾಗುವುದು ಗಂಧಕದ ಅಂಶದಿಂದ. ಅಣಬೆಯ ಮಾರಕ ವಿಷಕ್ಕೂ ಬೆಳ್ಳಿಗೂ ಯಾವ ಸಂಬಂಧವೂ ಇಲ್ಲ. ಬೆಳ್ಳಿ ಬೆಳ್ಳಗೇ ಉಳಿದು ಉಂಡವನು ಉಳಿಯದಿರಬಹುದು.

ಎರಡು: ಬೆಳ್ಳುಳ್ಳಿ, ಅರಿಶಿನ ಅಥವಾ ಅಕ್ಕಿಯೊಡನೆ ಬೇಯಿಸಿದರೆ ಬಣ್ಣ ಬದಲಾಗುತ್ತದೆಂಬುದು. ಇದಕ್ಕೂ ಆಧಾರವಿಲ್ಲ.

ಮೂರು: ಹುಳು, ಬಸವನಹುಳು ತಿಂದ ಅಣಬೆಯನ್ನು ನಾವೂ ತಿನ್ನಬಹುದೆಂಬುದು. ಬಸವನಹುಳುಗಳು ಮಾರಕ ಅಣಬೆಗಳನ್ನೂ ತಿಂದು ನೆಮ್ಮದಿಯಾಗಿರುತ್ತವೆ. ಅವುಗಳ ಒಡಲು ಬೇರೆ, ನಮ್ಮ ಒಡಲು ಬೇರೆ.

ನಾಲ್ಕು: ಬಣ್ಣಬಣ್ಣದವು ಕೆಟ್ಟವು, ಬಿಳಿಯವು ಒಳ್ಳೆಯವು ಎಂಬುದು. ಲೋಕದ ಅತ್ಯಂತ ಘೋರ ಅಣಬೆಗಳಲ್ಲಿ ಕೆಲವು ಹಾಲಿನಂತೆ ಬೆಳ್ಳಗಿದ್ದು, ನೋಡಲು ಅಂದವಾಗಿ, ವಾಸನೆಯೂ ಅಹಿತವಲ್ಲದೆ ಇರುತ್ತವೆ.

ಐದು: ಚೆನ್ನಾಗಿ ಕುದಿಸಿ ನೀರು ಬಸಿದರೆ, ಹುಣಿಸೆಹುಳಿ ಬೆರೆಸಿದರೆ, ಇಲ್ಲವೆ ಒಣಗಿಸಿದರೆ ವಿಷ ಇಳಿಯುತ್ತದೆಂಬುದು. ಅಮನೀಟ ಕುಲದ ಮಾರಕ ಜಾತಿಗಳ ವಿಷವು ಕುದಿಸುವುದರಿಂದಲೂ ಒಣಗಿಸುವುದರಿಂದಲೂ ನಾಶವಾಗುವುದಿಲ್ಲ.

ಆರು: ಮೊದಲು ನಾಯಿಗೆ ಹಾಕಿ ನೋಡುವುದು. ಕ್ರೂರವಾದ ಈ ಉಪಾಯವು ನಿಷ್ಫಲವೂ ಹೌದು. ವಿಷದ ಲಕ್ಷಣಗಳು ಹೊರಬೀಳುವ ಹೊತ್ತಿಗೆ ಮನೆಯವರೆಲ್ಲರ ಊಟವೂ ಮುಗಿದಿರುತ್ತದೆ.

ಈ ಆರೂ ಪರೀಕ್ಷೆಗಳ ದೋಷವು ಒಂದೇ. ಸಾವಿರಾರು ಜಾತಿಗಳನ್ನು ಒಂದು ಲಕ್ಷಣದಿಂದ ಎರಡು ರಾಶಿಗಳಾಗಿ ಬೇರ್ಪಡಿಸಬಹುದೆಂದು ಅವು ಭಾವಿಸುತ್ತವೆ. ಅಂತಹ ಲಕ್ಷಣವು ಪ್ರಕೃತಿಯಲ್ಲಿಲ್ಲ. ಜಾತಿಯನ್ನು ಜಾತಿಯಾಗಿಯೇ, ಅದರ ಎಲ್ಲ ಅಂಗಗಳೊಡನೆ ಗುರುತಿಸುವುದೊಂದೇ ದಾರಿ. ಹಳೆಯ ಕಾಲದ ಅಜ್ಜಿಗೆ ಇದು ಗೊತ್ತಿತ್ತು. ಅವಳು ಬೆಳ್ಳಿಯ ನಾಣ್ಯವನ್ನು ನಂಬುವ ಬದಲು ತಾನು ಬಲ್ಲ ನಾಲ್ಕೈದು ಜಾತಿಗಳನ್ನು ಮಾತ್ರ ನಂಬಿದ್ದಳು. ಉಳಿದವೆಲ್ಲವನ್ನೂ ನಾಯಿಕೊಡೆ ಎಂದು ಕರೆದು ದೂರವಿಟ್ಟಿದ್ದಳು.

ವಿಷವು ನಡೆಯುವ ಬಗೆ

ಎಲ್ಲ ವಿಷದ ಅಣಬೆಗಳೂ ಒಂದೇ ಬಗೆಯಲ್ಲಿ ಕಾಡುವುದಿಲ್ಲ. ಹುಲ್ಲುಹಾಸಿನಲ್ಲಿ, ಕೊಟ್ಟಿಗೆಯ ಸುತ್ತ, ಆಟದ ಬಯಲಿನಲ್ಲಿ ಏಳುವ ಒಂದು ದೊಡ್ಡ ಅಣಬೆಯಿದೆ. ಬಿಳಿಯ ಕೊಡೆಯ ಮೇಲೆ ಕಂದು ಚಕ್ಕೆಗಳು, ಕಾಂಡದ ಮೇಲೊಂದು ಉಂಗುರ. ಕಿವಿರುಗಳು ಮೊದಲು ಬಿಳಿ, ಬಲಿತ ಮೇಲೆ ಹಸುರು. ಕ್ಲೋರೊಫಿಲ್ಲಮ್ ಎಂಬ ಈ ಕುಲದ ಅಣಬೆಯನ್ನು ತಿಂದರೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಗಳೊಳಗೆ ತೀವ್ರವಾದ ವಾಂತಿ ಭೇದಿಗಳಾಗುತ್ತವೆ. ಚಿಕಿತ್ಸೆ ದೊರೆತರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ.

ಅಮನೀಟ ಕುಲದ ಮಾರಕ ಜಾತಿಗಳ ನಡೆ ಬೇರೆ. ತಿಂದ 6ರಿಂದ 12 ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಏನೂ ಆಗುವುದಿಲ್ಲ. ಅನಂತರ ಹೊಟ್ಟೆನೋವು, ವಾಂತಿ, ನೀರಿನಂತಹ ಭೇದಿ ಕಾಣಿಸುತ್ತವೆ. ಮರುದಿನ ರೋಗಿಯು ಸುಧಾರಿಸಿದಂತೆ ತೋರುತ್ತಾನೆ. ಮನೆಯವರು ನಿಟ್ಟುಸಿರು ಬಿಟ್ಟು ಆಸ್ಪತ್ರೆಯಿಂದ ಕರೆತರುವುದೂ ಉಂಟು. ಆದರೆ ಆ ವೇಳೆಯಲ್ಲಿ ವಿಷವು ಯಕೃತ್ತಿನ ಜೀವಕೋಶಗಳಲ್ಲಿ ಹೊಸ ಪ್ರೋಟೀನು ತಯಾರಾಗುವ ಕೆಲಸವನ್ನೇ ತಡೆಯುತ್ತಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಕಾಮಾಲೆ, ಮಂಪರು ತೋರಿ, ಯಕೃತ್ತು ಕುಸಿದು, ವಾರದೊಳಗೆ ಸಾವು ಬರಬಹುದು. 2022ರ ಏಪ್ರಿಲ್ ತಿಂಗಳಿನಲ್ಲಿ ಅಸ್ಸಾಮ್ ರಾಜ್ಯದ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು 13 ಜನರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ಮಾತಿನ ಭಾರ ತಿಳಿದಿರುತ್ತದೆ.

ಆದುದರಿಂದ ಪ್ರತಿಯೊಬ್ಬ ಅಧ್ಯಾಪಕನೂ ಗೃಹಿಣಿಯೂ ನೆನಪಿಡಬೇಕಾದ ವಿಷಯಗಳಿವು. ಅಣಬೆ ತಿಂದ ಮೇಲೆ ಯಾರಿಗಾದರೂ ವಾಂತಿ ಭೇದಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಆರು ಗಂಟೆಗಳ ನಂತರ ಲಕ್ಷಣ ಆರಂಭವಾಗಿದ್ದರೆ ಅದು ಹೆಚ್ಚಿನ ಅಪಾಯದ ಸೂಚನೆ. ಅದೇ ಅಡುಗೆಯನ್ನು ಉಂಡ ಎಲ್ಲರೂ, ಆರಾಮವಾಗಿರುವವರೂ ಸೇರಿ, ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಉಳಿದ ಅಣಬೆಯನ್ನು, ಸಿಪ್ಪೆ ಚೂರುಗಳಾದರೂ ಸರಿ, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು. ಮರುದಿನ ಸುಧಾರಿಸಿದಂತೆ ಕಂಡರೂ ವೈದ್ಯರ ಅಪ್ಪಣೆಯಿಲ್ಲದೆ ಮನೆಗೆ ಕರೆತರಬಾರದು.

ಮೊದಲ ಕೈಗೆಲಸ: ಬೀಜಾಣು ಮುದ್ರೆ

ಅಂಜಿಕೆಯೊಂದೇ ವಿದ್ಯೆಯಾಗಲಾರದು. ಕಣ್ಣಿಗೂ ಕೈಗೂ ಕೆಲಸ ಕೊಟ್ಟಾಗ ಅಂಜಿಕೆಯು ಅವಲೋಕನವಾಗಿ ಮಾರ್ಪಡುತ್ತದೆ. ಹಳ್ಳಿಯ ಮನೆಯಲ್ಲಿ ದೊರೆಯುವ ಸಾಮಗ್ರಿಯಿಂದಲೇ ಮಾಡಬಹುದಾದ ಮೊದಲ ಪ್ರಯೋಗ ಬೀಜಾಣು ಮುದ್ರೆ.

ಅಣಬೆಯನ್ನು ಚಿವುಟದೆ, ಚೂಪಾದ ಕೋಲಿನಿಂದ ಸುತ್ತಲ ಮಣ್ಣನ್ನು ಕೆದಕಿ ಬುಡಸಹಿತವಾಗಿ ಎತ್ತಬೇಕು. ಬುಡದಲ್ಲಿ ಮೊಟ್ಟೆಯ ಒಡೆದ ಚಿಪ್ಪಿನಂತಹ ಚೀಲವಿದೆಯೇ ಎಂದು ನೋಡಬೇಕು. ಅಮನೀಟ ಕುಲದ ಮಾರಕ ಜಾತಿಗಳ ಮುಖ್ಯ ಗುರುತುಗಳಲ್ಲಿ ಈ ಬುಡಚೀಲವೂ ಒಂದು. ಅಣಬೆಯನ್ನು ಮೇಲಿಂದ ಚಿವುಟಿ ತಂದರೆ ಈ ಗುರುತು ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಅನಂತರ ಕೊಡೆಯನ್ನು ಕಾಂಡದಿಂದ ಬೇರ್ಪಡಿಸಿ, ಅರ್ಧ ಬಿಳಿ ಅರ್ಧ ಕಪ್ಪಾದ ಕಾಗದದ ಮೇಲೆ ಕಿವಿರು ಕೆಳಗಾಗುವಂತೆ ಇರಿಸಿ, ಬಟ್ಟಲನ್ನು ಬೋರಲು ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಬಟ್ಟಲನ್ನೂ ಕೊಡೆಯನ್ನೂ ಮೆಲ್ಲನೆ ಎತ್ತಿದರೆ ಕಾಗದದ ಮೇಲೆ ಬೀಜಾಣುಗಳು ಬಿದ್ದು, ಚಕ್ರದ ಅರಗಳಂತೆ ಸುಂದರವಾದ ಚಿತ್ರವೊಂದು ಮೂಡಿರುತ್ತದೆ. ಬಟ್ಟಲು ಅಡುಗೆಯದಾಗಿರಬಾರದು, ಪ್ರಯೋಗದ ನಂತರ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು.

ಹುತ್ತದ ಅಣಬೆಯ ಮುದ್ರೆ ತಿಳಿಗುಲಾಬಿ, ಕ್ಲೋರೊಫಿಲ್ಲಮಿನದು ಹಸುರು, ಅಮನೀಟದ್ದು ಬಿಳಿ. ಹಾಗೆಂದು ಗುಲಾಬಿ ಮುದ್ರೆಯವೆಲ್ಲವೂ ಒಳ್ಳೆಯವೆಂದು ತಿಳಿಯಲಾಗದು. ಎಂಟೊಲೋಮ ಎಂಬ ವಿಷದ ಕುಲದ ಮುದ್ರೆಯೂ ಗುಲಾಬಿಯೇ. ನಾವು ಬೆಳೆದು ತಿನ್ನುವ ಚಿಪ್ಪಣಬೆಯ ಮುದ್ರೆಯೂ ಅಮನೀಟದಂತೆ ಬಿಳಿಯೇ. ಮುದ್ರೆಯು ಒಂದು ಸಾಕ್ಷಿ. ಬುಡ, ಉಂಗುರ, ಕಿವಿರು, ನೆಲೆ, ಕಾಲ ಇವು ಉಳಿದ ಸಾಕ್ಷಿಗಳು. ಎಲ್ಲ ಸಾಕ್ಷಿಗಳೂ ಕೂಡಿ ಒಂದೇ ಮಾತನ್ನು ಹೇಳುವವರೆಗೆ ತೀರ್ಪು ಕೊಡಬಾರದೆಂಬುದನ್ನು ವಿದ್ಯಾರ್ಥಿಯು ಇಲ್ಲಿ ಕಲಿಯುತ್ತಾನೆ.

ಇದೇ ಪಾಠಕ್ಕೆ ಸೇರಿದ ಇನ್ನೊಂದು ಪ್ರಯೋಗ: ದುಂಡಗಿನ ಎಳೆಯ ಅಣಬೆಯನ್ನು ಮೇಲಿಂದ ಕೆಳಗೆ ಸೀಳಿ ನೋಡುವುದು. ಒಳಗೆ ಕೊಡೆ ಮತ್ತು ಕಾಂಡದ ರೇಖೆಗಳು ಕಂಡರೆ ಅದು ಇನ್ನೂ ಅರಳದ ಕೊಡೆಯಣಬೆ. ಅಮನೀಟದ ಮೊಗ್ಗೇ ಆಗಿರಬಹುದು. ಮೊಗ್ಗಾಗಿರುವ ಕೊಡೆಯಣಬೆಯನ್ನು ದುಂಡಣಬೆಯೆಂದು ಭ್ರಮಿಸಿ ಬುಟ್ಟಿಗೆ ಹಾಕಿಕೊಳ್ಳುವ ಅಪಾಯವನ್ನು ಒಂದು ಚಾಕುವಿನ ಗೀರು ತಪ್ಪಿಸುತ್ತದೆ.

ಪ್ರತಿ ಮಳೆಗಾಲಕ್ಕೂ ಒಂದು ದಿನಚರಿ ಪುಸ್ತಕವಿರಲಿ. ದಿನಾಂಕ, ಮಳೆಯ ನಕ್ಷತ್ರ, ಜಾಗ, ಹತ್ತಿರದ ಮರ, ಊರಿನ ಹಿರಿಯರು ಹೇಳುವ ಹೆಸರು, ಮುದ್ರೆಯ ಬಣ್ಣ, ಕೈಯಿಂದ ಬರೆದ ಚಿತ್ರ ಇಷ್ಟನ್ನು ದಾಖಲಿಸಿದರೆ ಐದು ವರ್ಷಗಳಲ್ಲಿ ಆ ಊರಿನ ಅಣಬೆಗಳ ಒಂದು ಪ್ರಾಮಾಣಿಕ ಚರಿತ್ರೆ ಸಿದ್ಧವಾಗುತ್ತದೆ.

ಸಂಗ್ರಹಿಸುವವರು ಪಾಲಿಸಬೇಕಾದ ಮರ್ಯಾದೆಗಳೂ ಇವೆ. ಗಾಳಿಯಾಡುವ ಬಿದಿರ ಬುಟ್ಟಿಯನ್ನು ಬಳಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವೆತು ಕೊಳೆಯುತ್ತದೆ. ಹೆದ್ದಾರಿಯ ಅಂಚಿನವನ್ನೂ, ಬೋರ್ಡೋ ದ್ರಾವಣ ಅಥವಾ ಕೀಟನಾಶಕ ಸಿಂಪಡಿಸಿದ ತೋಟದವನ್ನೂ ಬಿಡಬೇಕು, ಏಕೆಂದರೆ ಮಣ್ಣಿನ ಲೋಹಾಂಶಗಳನ್ನು ಅಣಬೆಯು ಹೀರಿಕೊಳ್ಳುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ಒಂದೆಡೆ ಎದ್ದವುಗಳಲ್ಲಿ ಬಲಿತ ಕೆಲವನ್ನಾದರೂ ಬೀಜಾಣು ಚೆಲ್ಲಲು ಬಿಡಬೇಕು. ಬಲ್ಲ ಜಾತಿಯೇ ಆದರೂ ಕೊಳೆತದ್ದನ್ನು, ಹಸಿಯದನ್ನು ತಿನ್ನಬಾರದು.

ಎರಡನೆಯ ಕೈಗೆಲಸ: ಹುಲ್ಲಿನ ಮನೆಯಲ್ಲಿ ಚಿಪ್ಪಣಬೆ

ಕಾಡಿನ ಅಣಬೆಯಲ್ಲಿ ಸಂಶಯಕ್ಕೆ ಎಡೆಯಿರುವುದರಿಂದ ಊಟಕ್ಕೆ ಬೇಕಾದುದನ್ನು ಮನೆಯಂಗಳದಲ್ಲಿಯೇ ಬೆಳೆದುಕೊಳ್ಳುವುದು ಜಾಣತನ. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಸ್ಥಾನವಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು 1962ರಲ್ಲಿ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆದು ತೋರಿಸಿದರು. ಮುಂದೆ 1983ರಲ್ಲಿ ಹಿಮಾಚಲ ಪ್ರದೇಶದ ಸೋಲನ್ನಿನಲ್ಲಿ ಅಣಬೆಗಾಗಿಯೇ ರಾಷ್ಟ್ರೀಯ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆ ಬೀಜವನ್ನೂ ತರಬೇತಿಯನ್ನೂ ಒದಗಿಸುತ್ತ ಬಂದಿದೆ.

ಬೆಳೆಯಲು ಬೇಕಾದುದು ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಗುಡಿಸಲು. ಬಿದಿರಿನ ಗಳು, ಅಡಕೆಯ ದಬ್ಬೆ, ತೆಂಗಿನ ಗರಿ, ಹಳೆಯ ಗೋಣಿಚೀಲಗಳಿಂದ ಇದನ್ನು ಮನೆಯವರೇ ಎರಡು ದಿನಗಳಲ್ಲಿ ಕಟ್ಟಬಹುದು. ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿದರೆ ತಂಪು ನಿಲ್ಲುತ್ತದೆ. ಗಾಳಿಗಂಡಿಗಳಿಗೆ ಸಣ್ಣ ಕಣ್ಣಿನ ಬಲೆ ಬಿಗಿದರೆ ನೊಣಗಳ ಕಾಟ ತಪ್ಪುತ್ತದೆ.

ಮಳೆಗೆ ನೆನೆಯದ, ಬೂಸ್ಟು ಹಿಡಿಯದ ಹೊಸ ಭತ್ತದ ಹುಲ್ಲನ್ನು ಎರಡು ಅಂಗುಲದಷ್ಟು ಕತ್ತರಿಸಿ ಒಂದು ರಾತ್ರಿ ಶುದ್ಧ ನೀರಿನಲ್ಲಿ ನೆನೆಹಾಕಬೇಕು. ಮರುದಿನ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅಂದರೆ ಸಣ್ಣ ಗುಳ್ಳೆಗಳು ಏಳತೊಡಗಿ ಕುದಿ ಇನ್ನೂ ಹಿಡಿಯದ ಹದದಲ್ಲಿ, ಹುಲ್ಲನ್ನು ಒಂದು ಗಂಟೆ ಮುಳುಗಿಸಿಡಬೇಕು. ಹಂಡೆಗೆ ಬದಲಾಗಿ ತಗಡಿನ ಡ್ರಮ್ಮನ್ನು ಬಳಸುವುದಾದರೆ ಅದು ಹಿಂದೆ ಕೀಟನಾಶಕ ತುಂಬಿದ್ದಾಗಿರಬಾರದು. ಬಸಿದು ಆರಿಸಿದ ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಈ ಹದವನ್ನು ಕೈಯೇ ಕಲಿಯಬೇಕು.

ಒಂದು ಅಡಿ ಅಗಲ ಎರಡು ಅಡಿ ಉದ್ದದ ಪಾಲಿಥೀನ್ ಚೀಲದಲ್ಲಿ ಹುಲ್ಲನ್ನು ಮೂರು ಅಂಗುಲದ ಪದರವಾಗಿ ಒತ್ತಿ, ಅಂಚಿನ ಸುತ್ತ ಅಣಬೆ ಬೀಜವನ್ನು ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ, ಹೀಗೆ ತುಂಬಬೇಕು. ಒಂದು ಕಿಲೋಗ್ರಾಂ ಒಣಹುಲ್ಲಿಗೆ ಸುಮಾರು 100 ಗ್ರಾಂ ಬೀಜ ಸಾಕು. ಬಾಯಿ ಕಟ್ಟಿ, ಹತ್ತು ಹದಿನೈದು ಸಣ್ಣ ರಂಧ್ರಗಳನ್ನು ಮಾಡಿ, ಚೀಲಗಳನ್ನು ನೆಲುವಿನ ಹಾಗೆ ಹಗ್ಗದಲ್ಲಿ ತೂಗುಹಾಕಿ, ಕತ್ತಲಿನಲ್ಲಿ 15ರಿಂದ 20 ದಿನ ಬಿಡಬೇಕು. ಹುಲ್ಲೆಲ್ಲ ಬಿಳಿಯ ತಂತುವಿನಿಂದ ಬಿಗಿದು ಮುದ್ದೆಯಾದ ಮೇಲೆ ಚೀಲವನ್ನು ಸೀಳಿ ತೆಗೆದು, ಮಂದವಾದ ಬೆಳಕು ಮತ್ತು ಗಾಳಿಗೆ ಅವಕಾಶ ಕೊಟ್ಟು, ದಿನಕ್ಕೆ ಎರಡು ಮೂರು ಸಲ ನೀರನ್ನು ತುಂತುರಾಗಿ ಸಿಂಪಡಿಸಬೇಕು. ವಾರದೊಳಗೆ ಗುಂಡುಸೂಜಿಯ ತಲೆಯಂತಹ ಮೊಳಕೆಗಳು ಮೂಡಿ, ಮೂರು ನಾಲ್ಕು ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ವಾರ ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಕೊಯ್ಲುಗಳು ದೊರೆಯುತ್ತವೆ. ಚೆನ್ನಾಗಿ ನೋಡಿಕೊಂಡರೆ ಒಂದು ಕಿಲೋಗ್ರಾಂ ಒಣಹುಲ್ಲಿನಿಂದ ಅರ್ಧ ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಹಸಿ ಅಣಬೆಯನ್ನು ನಿರೀಕ್ಷಿಸಬಹುದು. ಕೊನೆಗೆ ಉಳಿಯುವ ಹುಲ್ಲು ಎರೆಗೊಬ್ಬರಕ್ಕೆ ಒಳ್ಳೆಯ ಮೇವು.

ಇಲ್ಲಿಯೂ ಕಣ್ಣು ಎಚ್ಚರವಾಗಿರಬೇಕು. ಹಸುರು ಬೂಸ್ಟು ಹಿಡಿದ ಚೀಲವನ್ನು ಕೂಡಲೇ ಹೊರಗೆ ಒಯ್ದು ಹೂಳಬೇಕು. ಹುಲ್ಲಿನಲ್ಲಿ ತೆಳುವಾದ ಕಾಂಡದ, ಮಸಿಯಾಗಿ ಕರಗುವ ಬೇರೆ ಅಣಬೆಗಳೂ ಕೆಲವೊಮ್ಮೆ ಏಳುತ್ತವೆ. ನಮ್ಮ ಚೀಲದಲ್ಲಿ ಹುಟ್ಟಿತೆಂಬ ಮಾತ್ರಕ್ಕೆ ಅದು ನಾವು ಬಿತ್ತಿದ ಬೆಳೆಯಾಗುವುದಿಲ್ಲ. ಬಲಿತ ಅಣಬೆಯ ಬೀಜಾಣುವಿನಿಂದ ಕೆಲವರಿಗೆ ಕೆಮ್ಮು, ಉಬ್ಬಸ ಬರುವುದರಿಂದ ಕೊಡೆಯ ಅಂಚು ಸುರುಳುವ ಮುನ್ನವೇ ಕೊಯ್ಯಬೇಕು. ಒಳಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಮೂರನೆಯ ಕೈಗೆಲಸ: ಒಣಗಿಸುವ ಪೆಟ್ಟಿಗೆ

ಹಸಿ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಅದು ಎರಡು ದಿನವೂ ತಾಳದು. ಒಣಗಿಸಿದರೆ ತಿಂಗಳುಗಟ್ಟಲೆ ಬಾಳುತ್ತದೆ. ನಾಲ್ಕು ಅಡಿ ಉದ್ದ ಎರಡು ಅಡಿ ಅಗಲದ ಹಲಗೆಯ ಪೆಟ್ಟಿಗೆಯನ್ನು ಮಾಡಿ, ತಳಕ್ಕೆ ಕಪ್ಪುಬಣ್ಣ ಬಳಿದ ತಗಡನ್ನು ಹಾಸಿ, ನಡುವೆ ಬಲೆಯ ತಟ್ಟೆಯನ್ನಿಟ್ಟು, ಮೇಲೆ ದಕ್ಷಿಣಕ್ಕೆ ಇಳಿಜಾರಾಗಿ ಗಾಜನ್ನು ಹೊದಿಸಬೇಕು. ಮುಂಬದಿಯ ಕೆಳಗೂ ಹಿಂಬದಿಯ ಮೇಲೂ ರಂಧ್ರಗಳಿದ್ದರೆ ಬಿಸಿಗಾಳಿಯು ತಾನಾಗಿ ಮೇಲೇರಿ ತೇವವನ್ನು ಹೊತ್ತೊಯ್ಯುತ್ತದೆ. ಹತ್ತು ಕಿಲೋಗ್ರಾಂ ಹಸಿ ಅಣಬೆಯು ಸುಮಾರು ಒಂದು ಕಿಲೋಗ್ರಾಮಿಗೆ ಇಳಿದು, ಮುರಿದರೆ ಸದ್ದಾಗುವಂತಾದಾಗ ಗಾಳಿಯಾಡದ ಡಬ್ಬಿಯಲ್ಲಿ ತುಂಬಬಹುದು. ಬಿಸಿಲಿಲ್ಲದ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟವೇ ಈ ಕೆಲಸವನ್ನು ಮಾಡುತ್ತದೆ. ಗಾಜಿನೊಳಗೆ ಇಡುವ ಮುನ್ನ ಅಣಬೆಯನ್ನು ಕಿವಿರು ಮೇಲಾಗಿ ಸ್ವಲ್ಪ ಹೊತ್ತು ನೇರ ಬಿಸಿಲಿಗೆ ಹರಡಿದರೆ, ಅದರಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವು ಡಿ ಜೀವಸತ್ವವಾಗಿ ಮಾರ್ಪಡುತ್ತದೆ.

ಶಾಲೆಗೆ ಇದರಿಂದೇನು?

ಹಂಡೆಯಲ್ಲಿ ಶಾಖದ ಪಾಠ, ಪೆಟ್ಟಿಗೆಯಲ್ಲಿ ಗಾಳಿಯ ಚಲನೆಯ ಪಾಠ, ತಕ್ಕಡಿಯಲ್ಲಿ ಶೇಕಡಾ ಲೆಕ್ಕದ ಪಾಠ, ಹುತ್ತದಲ್ಲಿ ಜೀವಿಗಳ ಪರಸ್ಪರ ಅವಲಂಬನೆಯ ಪಾಠ ಅಡಗಿವೆ. ಇವೆಲ್ಲಕ್ಕೂ ಮಿಗಿಲಾದುದು ಸಂಶಯದ ಪಾಠ. ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳಿ ಕೈ ಹಿಂತೆಗೆಯುವುದು ಹೇಡಿತನವೆಂದು ಮಕ್ಕಳು ಭಾವಿಸುತ್ತಾರೆ. ಅಣಬೆಯ ಮುಂದೆ ಅದೇ ವಿವೇಕವಾಗುತ್ತದೆ. ಈ ವಿವೇಕವನ್ನು ಅಭ್ಯಾಸ ಮಾಡಿದ ಮಗುವು ಮುಂದೆ ಔಷಧಿಯ ಸೀಸೆಯ ಮುಂದೆ, ಕೇಳಿದ ಗಾಳಿಮಾತಿನ ಮುಂದೆ, ಸುಲಭವಾಗಿ ಸಿಗುವ ಸಾಲದ ಮುಂದೆ ನಿಂತಾಗಲೂ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಲಾರದು.

ಈ ಸಂಚಿಕೆಯನ್ನು ಓದುವ ಅಧ್ಯಾಪಕ ಮಿತ್ರರು ಬರುವ ಮುಂಗಾರಿನಲ್ಲಿ ಒಂದಾದರೂ ಬೀಜಾಣು ಮುದ್ರೆಯನ್ನು ತರಗತಿಯಲ್ಲಿ ಮಾಡಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಅಣಬೆಯನ್ನು ಬಲ್ಲ ಹಿರಿಯರೊಬ್ಬರ ಜೊತೆ ಒಂದು ಬೆಳಗು ನಡೆದು, ಅವರು ಹೇಳಿದ ಹೆಸರುಗಳನ್ನು ಬರೆದಿಡಲಿ. ಆ ಹಿರಿಯರು ಇನ್ನೆಷ್ಟು ಮಳೆಗಾಲಗಳನ್ನು ಕಾಣುವರೋ ಹೇಳಲಾಗದು. ಜಮೀನುಳ್ಳ ದಾನಿಗಳು ಹೊಲದ ಮೂಲೆಯ ಒಂದು ಹುತ್ತವನ್ನು ಅದರ ಪಾಡಿಗೆ ಬಿಡಲಿ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಮಳೆ ಹಿಡಿಯುವ ಮೊದಲು ಮನಸ್ಸು ಮಾಡಿದರೆ ಸಾಕು.